ಮಡಚುವ ಬಾಗಿಲಿಗೆ ಮುಂಚೆ ಹೊಸ್ತಿಲು

ಶೋರೂಮಿನಲ್ಲಿ ಮಡಚುವ ಬಾಗಿಲನ್ನು ಒಂದೇ ಬೆರಳಿನಿಂದ ತಳ್ಳಿ ತೋರಿಸುತ್ತಾರೆ. ನಾಲ್ಕೈದು ಗಾಜಿನ ಕದಗಳು ಸದ್ದಿಲ್ಲದೆ ಮಡಚಿಕೊಂಡು ಮೂಲೆಗೆ ಸರಿದು ನಿಲ್ಲುತ್ತವೆ. ಹಾಲ್ ಎಲ್ಲಿ ಮುಗಿಯಿತು, ಸಿಟೌಟ್ ಎಲ್ಲಿ ಶುರುವಾಯಿತು ಎಂದು ಗೊತ್ತಾಗದಂತೆ ಒಂದೇ ಬಯಲು. ನೋಡಲು ಹೋದವರು ಗಾಜಿನ ದಪ್ಪ ಕೇಳುತ್ತಾರೆ, ಬಣ್ಣ ಕೇಳುತ್ತಾರೆ, ಚದರಡಿಗೆ ಎಷ್ಟು ಎಂದು ಚೌಕಾಸಿ ಮಾಡುತ್ತಾರೆ. ಕಾಲಡಿಯ ಪಟ್ಟಿಯ ಬಗ್ಗೆ ಕೇಳುವವರು ಅಪರೂಪ. ಶೋರೂಮಿನೊಳಗೆ ಮಳೆ ಬರುವುದಿಲ್ಲ, ಧೂಳು ಏಳುವುದಿಲ್ಲ, ಮಕ್ಕಳು ಸೈಕಲ್ ಓಡಿಸುವುದಿಲ್ಲ. ಬಾಗಿಲು ಮನೆಗೆ ಬಂದು ಎರಡು ಮುಂಗಾರು ಕಳೆಯಲಿ, ಆಮೇಲೆ ದೂರುಗಳನ್ನು ಕೇಳಿ: ಒಳಗೆ ನೀರು ಬರುತ್ತದೆ, ಎಳೆದರೆ ಕಿರುಗುಟ್ಟುತ್ತದೆ, ಕೆಳಗಿನ ಚಿಲಕ ಕೂರುವುದಿಲ್ಲ, ಅಜ್ಜಿ ಎಡವಿದರು. ಇವೆಲ್ಲ ಹೊಸ್ತಿಲಿನ ದೂರುಗಳೇ.

ಇದಕ್ಕೆ ಮಾರುವವರನ್ನಷ್ಟೇ ದೂರಿ ಪ್ರಯೋಜನವಿಲ್ಲ. ಹೊಸ್ತಿಲು ಹೆಸರಿಗೆ ಬಾಗಿಲಿನ ಭಾಗವಾದರೂ ಕೆಲಸ ಮಾಡುವುದು ನೆಲದ ಭಾಗವಾಗಿ. ಹೊರಗಿನ ನೆಲ ಎಷ್ಟು ತಗ್ಗಿನಲ್ಲಿದೆ, ನೀರು ಯಾವ ಕಡೆಗೆ ಓಡುತ್ತದೆ, ಮೇಲಿನ ಸಜ್ಜೆ ಎಷ್ಟು ಚಾಚಿದೆ ಎನ್ನುವುದನ್ನು ನೋಡಿಯೇ ಯಾವ ಹೊಸ್ತಿಲು ಎಂದು ಹೇಳಬೇಕು. ಇವೆಲ್ಲ ತೀರ್ಮಾನವಾಗುವುದು ಮೋಲ್ಡ್ ಹಾಕುವ ಹೊತ್ತಿನಲ್ಲಿ. ಬಾಗಿಲು ನೋಡಲು ಹೊರಡುವುದು ಅದಾಗಿ ಎಷ್ಟೋ ತಿಂಗಳ ಮೇಲೆ. ಅಷ್ಟರಲ್ಲಿ ನೆಲದ ಮಟ್ಟ ಗಟ್ಟಿಯಾಗಿ ಕೂತಿರುತ್ತದೆ. ಮನೆ ಕಟ್ಟಿಸುತ್ತಿರುವವರು ನಕ್ಷೆಯಲ್ಲಿ ಮಡಚುವ ಬಾಗಿಲು ಬರೆಸಿದ ದಿನವೇ ಹೊಸ್ತಿಲಿನ ಮಾತೆತ್ತಬೇಕು. ಕಟ್ಟಿ ಮುಗಿದ ಫ್ಲ್ಯಾಟಿನಲ್ಲಿ ಹಳೆಯ ಸ್ಲೈಡಿಂಗ್ ಬಾಗಿಲು ತೆಗೆಸಿ ಇದನ್ನು ಹಾಕಿಸುವವರಿಗೆ ಆಯ್ಕೆ ಕಡಿಮೆ, ಆದರೆ ಇಲ್ಲದಿಲ್ಲ.

ಎತ್ತರದ ಲೆಕ್ಕ

ಸಿಗುವ ಹೊಸ್ತಿಲುಗಳು ಸ್ಥೂಲವಾಗಿ ಮೂರು ಬಗೆ. ಮೊದಲನೆಯದು ಚೌಕಟ್ಟಿನ ಕೆಳಪಟ್ಟಿ ನೆಲದ ಮೇಲೆಯೇ ಎದ್ದು ನಿಲ್ಲುವ ಎತ್ತರದ ಹೊಸ್ತಿಲು. ದಾಟುವಾಗ ಕಾಲೆತ್ತಬೇಕು, ಮಳೆಗೆ ಇದೇ ಗಟ್ಟಿ. ಎರಡನೆಯದು ಬೆರಳಿನ ದಪ್ಪಕ್ಕಿಂತ ತುಸು ಹೆಚ್ಚು ಎದ್ದಿರುವ ತಗ್ಗು ಹೊಸ್ತಿಲು. ಮೂರನೆಯದು ಟ್ರ್ಯಾಕನ್ನೇ ನೆಲದೊಳಗೆ ಹೂತು, ಮೇಲೆ ಬರೀ ಒಂದು ಸೀಳು ಕಾಣುವಂತೆ ಮಾಡಿದ ಸಮತಟ್ಟು ಹೊಸ್ತಿಲು. ಮಾಸಪತ್ರಿಕೆಗಳ ಬಣ್ಣದ ಪುಟಗಳಲ್ಲಿ ಬರುವುದು ಯಾವಾಗಲೂ ಈ ಮೂರನೆಯದೇ, ಎಲ್ಲರಿಗೂ ಬೇಕಾಗುವುದೂ ಅದೇ.

ಎತ್ತರ ಏಕೆ ಬೇಕು ಎನ್ನುವುದು ಸರಳ ಭೌತಶಾಸ್ತ್ರ. ಟ್ರ್ಯಾಕಿಗೆ ಬಿದ್ದ ನೀರು ವೀಪ್ ಹೋಲ್ ಎಂಬ ಪುಟ್ಟ ಸೀಳುಗಳಿಂದ ಹೊರಗೆ ಹೋಗಬೇಕು. ಬಿರುಗಾಳಿ ಹೊರಗಿನಿಂದ ಒತ್ತುತ್ತಿರುವಾಗ ಅದು ಸುಲಭಕ್ಕೆ ಹೋಗದು. ಟ್ರ್ಯಾಕಿನಲ್ಲಿ ನೀರು ಏರಿ, ಅದರ ಭಾರ ಗಾಳಿಯ ಒತ್ತಡವನ್ನು ಮೀರಿದಾಗಲೇ ಹೊರಕ್ಕೆ ಹರಿಯುತ್ತದೆ. ಅಷ್ಟರೊಳಗೆ ಒಳಬದಿಯ ಅಂಚನ್ನು ದಾಟಿತೋ, ಸೋಫಾದ ಕೆಳಗೆ. 1 ಮಿ.ಮೀ. ಎತ್ತರದ ನೀರು ಹೆಚ್ಚುಕಡಿಮೆ 10 ಪ್ಯಾಸ್ಕಲ್ ಒತ್ತಡವನ್ನು ತಡೆಯುತ್ತದೆ. ಗಂಟೆಗೆ 54 ಕಿ.ಮೀ. ವೇಗದ ಗಾಳಿ ಎದುರು ಬಡಿದರೆ ಸುಮಾರು 135 ಪ್ಯಾಸ್ಕಲ್ ಒತ್ತುತ್ತದೆ. ಅದಕ್ಕೆ ಒಳಗಿನ ಅಂಚು 14 ಮಿ.ಮೀ. ಆದರೂ ಇರಬೇಕು. ಗಾಳಿ 72 ಕಿ.ಮೀ.ಗೆ ಏರಿದರೆ ಒತ್ತಡ 240 ಪ್ಯಾಸ್ಕಲ್, ಅಂಚು 25 ಮಿ.ಮೀ. ಹತ್ತಿರ. 90 ಕಿ.ಮೀ.ಗೆ 38. ಗಾಳಿಯ ವೇಗ ದುಪ್ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ ಎನ್ನುವುದೇ ಇಲ್ಲಿನ ಕಷ್ಟ.

ಕಟ್ಟಡಗಳ ಗಾಳಿ ಹೊರೆಗೆ ನಮ್ಮ ದೇಶದಲ್ಲಿ ಐಎಸ್ 875ರ ಮೂರನೇ ಭಾಗವನ್ನು ಅನುಸರಿಸುತ್ತಾರೆ. ಅದರಲ್ಲಿ ಬೆಂಗಳೂರಿನ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್, ಮಂಗಳೂರಿನದು 39. ಇವು ಕಟ್ಟಡ ಉರುಳದಂತೆ ನೋಡಿಕೊಳ್ಳಲು ಹಿಡಿದ ಅಪರೂಪದ ಗಾಳಿಯ ಅಂಕಿಗಳು. ಹೊಸ್ತಿಲನ್ನು ಅಷ್ಟಕ್ಕೆ ಕಟ್ಟಬೇಕಾಗಿಲ್ಲ. ಆದರೆ ಕರಾವಳಿಯಲ್ಲಿ ಪಡುವಣಕ್ಕೆ ಮುಖ ಮಾಡಿದ ಬಾಗಿಲಿಗೂ, ಬೆಂಗಳೂರಿನ ಎರಡನೇ ಮಹಡಿಯಲ್ಲಿ ಪಕ್ಕದ ಕಟ್ಟಡದ ಮರೆಯಲ್ಲಿರುವ ಬಾಗಿಲಿಗೂ ಒಂದೇ ಹೊಸ್ತಿಲು ಸಲ್ಲದು ಎಂದು ಹೇಳಲು ಇಷ್ಟು ಸಾಕು. ಹದಿನೈದನೇ ಮಹಡಿಯ ಬಾಲ್ಕನಿಯಲ್ಲಿ ಗಾಳಿ ನೆಲಮಟ್ಟಕ್ಕಿಂತ ಜೋರಾಗಿರುತ್ತದೆ. ಅಲ್ಲಿರುವವರು ತಮ್ಮ ಮನೆಯನ್ನು ಕರಾವಳಿಯ ಲೆಕ್ಕಕ್ಕೇ ಹಾಕಿಕೊಳ್ಳುವುದು ಒಳ್ಳೆಯದು.

ದೊಡ್ಡ ತಯಾರಕರು ನೀರು ತಡೆಯುವ ಸಾಮರ್ಥ್ಯವನ್ನು ಯುರೋಪಿನ ಇಎನ್ 12208 ಮಾನದಂಡದಲ್ಲಿ ಹೇಳುತ್ತಾರೆ. ಅದರಲ್ಲಿ 4ಎ ಎಂದರೆ 150 ಪ್ಯಾಸ್ಕಲ್‌ವರೆಗೆ ನೀರು ಒಳಬರಲಿಲ್ಲ ಎಂದರ್ಥ, 7ಎ ಎಂದರೆ 300, 9ಎ ಎಂದರೆ 600. ಕೇಳಬೇಕಾದ ಪ್ರಶ್ನೆ ಒಂದಿದೆ. ಪರೀಕ್ಷೆ ಮಾಡಿದ್ದು ಯಾವ ಹೊಸ್ತಿಲಿನ ಮೇಲೆ? ಎತ್ತರದ ಹೊಸ್ತಿಲಿಟ್ಟು ಪರೀಕ್ಷೆ ಗೆದ್ದ ಬಾಗಿಲನ್ನೇ ಸಮತಟ್ಟು ಹೊಸ್ತಿಲಿನೊಂದಿಗೆ ಕೊಟ್ಟರೆ ಆ ಪ್ರಮಾಣಪತ್ರ ನಿಮ್ಮ ಬಾಗಿಲಿನದಲ್ಲ. ನೀವು ಕೊಳ್ಳುತ್ತಿರುವ ಹೊಸ್ತಿಲಿನದೇ ವರದಿ ತೋರಿಸಿ ಎನ್ನಿ. ತೋರಿಸಲಿಲ್ಲವೆಂದರೆ ಅದೂ ಒಂದು ಉತ್ತರವೇ.

ಕದಗಳು ಹೊರಕ್ಕೆ ಮಡಚುತ್ತವೆಯೋ ಒಳಕ್ಕೋ ಎನ್ನುವುದೂ ಇಲ್ಲಿ ಸೇರುತ್ತದೆ. ಹೊರಕ್ಕೆ ತೆರೆಯುವ ಕದವನ್ನು ಗಾಳಿ ಚೌಕಟ್ಟಿನ ರಬ್ಬರಿಗೆ ಇನ್ನಷ್ಟು ಒತ್ತಿ ಹಿಡಿಯುತ್ತದೆ. ಒಳಕ್ಕೆ ತೆರೆಯುವುದನ್ನು ಅದೇ ಗಾಳಿ ರಬ್ಬರಿನಿಂದ ದೂರ ತಳ್ಳುತ್ತದೆ. ಬಾಲ್ಕನಿಯಲ್ಲಿ ಕುರ್ಚಿಗೆ ಜಾಗ ಹೋಗುತ್ತದೆಂದು ಒಳಕ್ಕೆ ಮಡಚುವುದನ್ನು ಹಾಕಿಸುವವರು ಮಳೆಯ ದಿಕ್ಕನ್ನು ಒಮ್ಮೆ ನೋಡಿಕೊಳ್ಳಲಿ.

ಸಜ್ಜೆಯ ಮೇಲೆ ಅತಿ ನಂಬಿಕೆ ಬೇಡ. ಎರಚಲು 45 ಡಿಗ್ರಿ ಓರೆಯಾಗಿ ಬಂದರೆ 60 ಸೆಂ.ಮೀ. ಸಜ್ಜೆ ಬಾಗಿಲಿನ ಮೇಲಿನ 60 ಸೆಂ.ಮೀ. ಅನ್ನು ಮಾತ್ರ ಕಾಯುತ್ತದೆ, 2.4 ಮೀಟರ್ ಎತ್ತರದ ಬಾಗಿಲಿನ ಉಳಿದ 1.8 ಮೀಟರ್ ನೆನೆಯುತ್ತದೆ, ಗಾಜಿನ ಮೇಲೆ ಬಿದ್ದ ಅಷ್ಟೂ ನೀರು ಹೊಸ್ತಿಲಿಗೇ ಇಳಿಯುತ್ತದೆ. ಬಾಗಿಲಿನ ಎತ್ತರದಷ್ಟೇ ಆಳವಾದ ಜಗಲಿಯಿದ್ದರೆ ಮಾತು ಬೇರೆ. ಅಂಥ ಕಡೆ, ಅಥವಾ ಎರಡು ಒಳಕೋಣೆಗಳ ನಡುವೆ, ಸಮತಟ್ಟು ಹೊಸ್ತಿಲನ್ನು ಚಿಂತೆಯಿಲ್ಲದೆ ಹಾಕಿಸಬಹುದು. ತೆರೆದ ಟೆರೇಸಿಗೆ ಹಾಕಿಸುವುದಾದರೆ ಹೊರಗಿನ ನೆಲಕ್ಕೆ ಬಾಗಿಲಿನಷ್ಟೇ ಖರ್ಚು ಮಾಡುವ ಮನಸ್ಸಿರಬೇಕು.

ಎಡವುವ ಕಾಲು

ಮಳೆ ಎತ್ತರ ಕೇಳುತ್ತದೆ, ಮನೆಯ ಹಿರಿಯರು ತಗ್ಗು ಕೇಳುತ್ತಾರೆ. ರಾಷ್ಟ್ರೀಯ ಕಟ್ಟಡ ಸಂಹಿತೆ ಅಂಗವಿಕಲರು ಬಳಸುವ ಪ್ರವೇಶದ್ವಾರಗಳಲ್ಲಿ ಹೊಸ್ತಿಲು 12 ಮಿ.ಮೀ.ಗಿಂತ ಎತ್ತರವಿರಬಾರದು ಎನ್ನುತ್ತದೆ. ಗಾಲಿಕುರ್ಚಿಯ ಮುಂದಿನ ಪುಟ್ಟ ಚಕ್ರ ಅದಕ್ಕಿಂತ ಹೆಚ್ಚಿನದನ್ನು ಸಲೀಸಾಗಿ ಹತ್ತಲಾರದು. ಅಮೆರಿಕದ ನಿಯಮವೂ ಅರ್ಧ ಇಂಚಿನಲ್ಲೇ ನಿಲ್ಲುತ್ತದೆ, ಬ್ರಿಟನ್ನಿನದು 15 ಮಿ.ಮೀ. ಮೇಲಿನ ಗಾಳಿಯ ಲೆಕ್ಕದ ಪಕ್ಕದಲ್ಲಿ ಈ ಅಂಕಿಗಳನ್ನು ಇಟ್ಟು ನೋಡಿದರೆ ಜಗಳ ಎಲ್ಲಿದೆ ಎಂದು ತಿಳಿಯುತ್ತದೆ.

ನನ್ನ ಅಭಿಪ್ರಾಯದಲ್ಲಿ ಅತಿ ಅಪಾಯದ ಹೊಸ್ತಿಲು ನಡುವಿನದು. ನಾಲ್ಕು ಇಂಚಿನದು ಕಣ್ಣಿಗೆ ಬೀಳುತ್ತದೆ, ಕಾಲು ತಾನಾಗಿ ಏಳುತ್ತದೆ. ನೆಲದ ಟೈಲ್ಸ್ ಬಣ್ಣದ್ದೇ ಆದ, 20–30 ಮಿ.ಮೀ. ಎದ್ದ ಪಟ್ಟಿ ಕಾಣುವುದೇ ಇಲ್ಲ. ಕಾಫಿ ಲೋಟ ಹಿಡಿದು ಹೋಗುವವರಿಗಂತೂ ಕಾಲಿಗೆ ತಗುಲಿದ ಮೇಲೆಯೇ ಗೊತ್ತಾಗುವುದು. ಅಂಥದ್ದೇ ಬೇಕಾದರೆ ನೆಲಕ್ಕಿಂತ ಬೇರೆ ಬಣ್ಣದ್ದನ್ನು ಆರಿಸಿ, ಎರಡೂ ಅಂಚುಗಳನ್ನು ಓರೆ ಮಾಡಿಸಿ. ಈಗಾಗಲೇ ಎತ್ತರದ ಹೊಸ್ತಿಲಿರುವ ಮನೆಯಲ್ಲಿ ಗಾಲಿಕುರ್ಚಿ ಬಂದರೆ ಪುಟ್ಟ ರ‍್ಯಾಂಪ್ ಇಡಬಹುದು. ಇಳಿಜಾರು 12ಕ್ಕೆ 1ರಷ್ಟು ಬೇಕು, ಅಂದರೆ 50 ಮಿ.ಮೀ. ಎತ್ತರಕ್ಕೆ 60 ಸೆಂ.ಮೀ. ಉದ್ದ. ಹೊರಬದಿಗೆ ಇಡುವ ರ‍್ಯಾಂಪ್ ವೀಪ್ ಹೋಲ್‌ಗಳನ್ನು ಮುಚ್ಚಿಬಿಡಬಾರದು, ಅಡಿಯಲ್ಲಿ ನೀರು ಹರಿಯಲು ಸಂದು ಬಿಟ್ಟಿರಬೇಕು.

ಬರಿಗಾಲಲ್ಲಿ ಓಡಾಡುವ ನಮ್ಮ ಮನೆಗಳಿಗೆ ಇನ್ನೊಂದು ಮಾತು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಬಿಸಿಲಿಗೆ ಬಿದ್ದ ಕಪ್ಪು ಅಲ್ಯುಮಿನಿಯಂ ಪಟ್ಟಿಯ ಮೇಲೆ ಕಾಲಿಡಲಾಗದು. ತಿಳಿ ಬಣ್ಣ ತೆಗೆದುಕೊಳ್ಳಿ. ಅಲ್ಯುಮಿನಿಯಂ ಹಿಗ್ಗುವುದೂ ಹೆಚ್ಚು: 4 ಮೀಟರ್ ಉದ್ದದ ಟ್ರ್ಯಾಕ್ 40 ಡಿಗ್ರಿ ಏರಿಳಿತಕ್ಕೆ ಸುಮಾರು 3.7 ಮಿ.ಮೀ. ಉದ್ದವಾಗುತ್ತದೆ. ಎರಡೂ ತುದಿಗಳನ್ನು ಗಾರೆಯಲ್ಲಿ ಬಿಗಿದುಬಿಟ್ಟರೆ ನಡುವೆ ಡೊಂಕಾಗದೆ ಅದಕ್ಕೆ ಬೇರೆ ದಾರಿಯಿಲ್ಲ.

ಹೊರಗಿನ ನೆಲ

ಬಾಲ್ಕನಿ ಅಥವಾ ಸಿಟೌಟಿನ ಮುಗಿದ ನೆಲ ಹಾಲಿನ ನೆಲಕ್ಕಿಂತ ತಗ್ಗಿರಬೇಕು ಎನ್ನುವುದು ಎಲ್ಲ ಮೇಸ್ತ್ರಿಗಳಿಗೂ ಗೊತ್ತು. ಎಷ್ಟು ಎನ್ನುವಲ್ಲಿ ಎಡವುತ್ತಾರೆ. ಸ್ಲ್ಯಾಬನ್ನು ಎರಡು ಇಂಚು ತಗ್ಗಿಸಿ, ಅದರ ಮೇಲೆ ವಾಟರ್‌ಪ್ರೂಫಿಂಗ್, ವಾಟಕ್ಕಾಗಿ ಗಾರೆ, ಟೈಲ್ಸ್ ಎಲ್ಲ ಬಂದು ಕೂತಾಗ ಉಳಿಯುವುದು ಅರ್ಧ ಇಂಚು. ಲೆಕ್ಕ ಹಾಕಬೇಕಾದ್ದು ಮುಗಿದ ನೆಲದಿಂದ ಹಿಂದಕ್ಕೆ. ವಾಟ ಮೀಟರಿಗೆ 10 ಮಿ.ಮೀ. ಆದರೂ ಇರಲಿ, ಬಾಗಿಲಿನಿಂದ ದೂರಕ್ಕೆ ಇರಲಿ. ಕೊನೆಯ ಮಾತು ಹೇಳಬೇಕಾಗಿಯೇ ಇಲ್ಲ ಎನಿಸಬಹುದು. ಬಕೆಟ್ ನೀರು ಸುರಿದು ನೋಡದೆ ಯಾರನ್ನೂ ನಂಬಬೇಡಿ.

ನಹಾನಿ ಟ್ರ್ಯಾಪ್ ಒಂದೇ ಇದ್ದು ಅದಕ್ಕೆ ಎಲೆ ಕಟ್ಟಿಕೊಂಡರೆ ಏನಾಗುತ್ತದೆ ನೋಡಿ. ಸುತ್ತಲೂ ಪ್ಯಾರಾಪೆಟ್ ಇರುವ ಬಾಲ್ಕನಿಗೆ ಗಂಟೆಗೆ 50 ಮಿ.ಮೀ. ಮಳೆ ನೇರವಾಗಿ ಸುರಿದರೆ ಒಂದು ಗಂಟೆಯಲ್ಲಿ ಎರಡು ಇಂಚು ನೀರು ನಿಲ್ಲುತ್ತದೆ. ಗೋಡೆ, ಗಾಜಿನಿಂದ ಇಳಿದದ್ದು ಅದರ ಮೇಲೆ. ಅಲ್ಲಿಗೆ ಯಾವ 9ಎ ದರ್ಜೆಯ ಹೊಸ್ತಿಲೂ ಉಪಯೋಗಕ್ಕೆ ಬಾರದು. ಆದ್ದರಿಂದ ಎರಡನೇ ದಾರಿಯೊಂದು ಇರಲೇಬೇಕು: ಪ್ಯಾರಾಪೆಟ್ಟಿನ ಬುಡದಲ್ಲಿ, ಹೊಸ್ತಿಲಿಗಿಂತ ತಗ್ಗಿನಲ್ಲಿ ಹೊರಕ್ಕೆ ಚಾಚಿದ ಪುಟ್ಟ ಪೈಪ್. ಅದರಿಂದ ನೀರು ಬೀಳುವುದು ಕಂಡರೆ ಕೆಳಗಿನವರೇ ಬಂದು ಬಾಗಿಲು ಬಡಿಯುತ್ತಾರೆ, ನಿಮ್ಮ ಟ್ರ್ಯಾಪ್ ಕಟ್ಟಿದೆ ಎಂದು ತಿಳಿಯುತ್ತದೆ. ಸಮತಟ್ಟು ಹೊಸ್ತಿಲಿಗಾದರೆ ಬಾಗಿಲಿನ ಉದ್ದಕ್ಕೂ ಹೊರಬದಿಯಲ್ಲಿ ಜಾಲರಿ ಮುಚ್ಚಿದ ಕಾಲುವೆ ಕಡ್ಡಾಯ, ಜಾಲರಿ ಕೈಯಲ್ಲಿ ಎತ್ತಿ ತೆಗೆಯುವಂತಿರಬೇಕು.

ವಾಟರ್‌ಪ್ರೂಫಿಂಗ್ ಪದರ ಬಾಗಿಲಿನ ಗೆರೆಗೆ ಬಂದು ನಿಲ್ಲಬಾರದು. ಹೊಸ್ತಿಲಿನ ಅಡಿಯಲ್ಲಿ ಹಾದು, ಒಳಬದಿಗೆ ಮೇಲಕ್ಕೆ ಮಡಚಿರಬೇಕು. ಟ್ರ್ಯಾಕ್ ಕೂರಿಸಿದ ಮೇಲೆ ಇದನ್ನು ಮಾಡಲಾಗದು. ಹೊಸ್ತಿಲಿನ ಕೆಳಗೆ ಗ್ರಾನೈಟ್ ಪಟ್ಟಿ ಹಾಕಿಸುವವರು ಅದಕ್ಕೂ ಹೊರಮುಖವಾಗಿ ವಾಟ ಕೊಡಿಸಿ.

ಆಮೇಲೆ ಬರುವ ಅಲಂಕಾರ ಇದೆಲ್ಲವನ್ನೂ ಕೆಡಿಸುತ್ತದೆ. ಗೃಹಪ್ರವೇಶವಾಗಿ ವರ್ಷಕ್ಕೆ ಬಾಲ್ಕನಿಗೆ ಕೃತಕ ಹುಲ್ಲು ಅಥವಾ ಮರದ ಡೆಕ್ ಟೈಲ್ಸ್ ಬರುತ್ತದೆ, ನೆಲ ಒಂದು ಇಂಚು ಏರುತ್ತದೆ, ವೀಪ್ ಹೋಲ್‌ಗಳು ಹುಲ್ಲಿನ ಹಿಂದೆ ಹೂತುಹೋಗುತ್ತವೆ. ಹುಲ್ಲು ಹಾಸಲೇಬೇಕೆಂದಿದ್ದರೆ ಬಾಗಿಲಿನಿಂದ ಒಂದು ಗೇಣು ಬಿಟ್ಟು ಹಾಸಿ.

ಭಾರ ಯಾರ ಮೇಲೆ

ಗಾಜು ಪ್ರತಿ ಮಿ.ಮೀ. ದಪ್ಪಕ್ಕೆ ಚದರ ಮೀಟರಿಗೆ 2.5 ಕಿಲೊ ತೂಗುತ್ತದೆ. 6 ಮಿ.ಮೀ.ನ ಎರಡು ಪದರವಿರುವ, 80 ಸೆಂ.ಮೀ. ಅಗಲ, 2.4 ಮೀಟರ್ ಎತ್ತರದ ಒಂದು ಕದದ ಗಾಜೇ 58 ಕಿಲೊ. ಐದು ಕದಕ್ಕೆ ಸುಮಾರು 290. ಈ ಭಾರವನ್ನು ಮೇಲಿನ ತೊಲೆ ಹೊರಬೇಕೋ ಕೆಳಗಿನ ಹೊಸ್ತಿಲೋ ಎನ್ನುವುದರಲ್ಲಿ ಎರಡು ಪದ್ಧತಿ.

ಮೇಲಿನಿಂದ ತೂಗುವ ಬಾಗಿಲಿಗೆ ಕೆಳಗೆ ದಾರಿ ತೋರಿಸುವ ಸಣ್ಣ ಸೀಳು ಸಾಕು. ಕಸ ಸಿಕ್ಕಿಕೊಂಡರೂ ಬಾಗಿಲು ಓಡುತ್ತದೆ. ಆದರೆ ತೊಲೆ ಕೆಲವೇ ಮಿ.ಮೀ. ಬಾಗಿದರೂ ಕದಗಳು ಕೆಳಗೆ ಉಜ್ಜತೊಡಗುತ್ತವೆ. ಹೊಸ ಕಟ್ಟಡದಲ್ಲಾದರೆ ಎಂಜಿನಿಯರಿಗೆ ಮೊದಲೇ ಹೇಳಿ ತೊಲೆ ಗಟ್ಟಿ ಮಾಡಿಸಬಹುದು. ಹಳೆಯ ಫ್ಲ್ಯಾಟಿನಲ್ಲಿ ತೊಲೆಯ ಬಲ ಗೊತ್ತಿಲ್ಲದಾಗ ಕೆಳಗೆ ಉರುಳುವ ಪದ್ಧತಿಯೇ ಕ್ಷೇಮ. ಆಗ ಹೊಸ್ತಿಲಿನ ಅಡಿ ಎಲ್ಲಿಯೂ ಪೊಳ್ಳಿರಬಾರದು. ಕೂರಿಸಿದ ಮೇಲೆ ಉದ್ದಕ್ಕೂ ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿ, ಸದ್ದು ಬದಲಾದ ಕಡೆ ಗಾರೆ ತುಂಬಿಲ್ಲ. ರಸಮಟ್ಟವನ್ನು ಒಂದೇ ಕಡೆ ಇಟ್ಟು ಸರಿ ಎಂದು ಎದ್ದುಬಿಡುವುದು ರೂಢಿ. ತುದಿಯಿಂದ ತುದಿಗೆ ಟ್ಯೂಬ್ ಲೆವೆಲ್ ಅಥವಾ ಲೇಸರ್ ಹಿಡಿಸಿ.

ವಸ್ತುವಿನ ವಿಷಯ ಚಿಕ್ಕದು. ಮರ ಬೇಡ, ಕೆಳಪಟ್ಟಿಗೆ ಬೇಡವೇ ಬೇಡ. ತೇಗವಾದರೂ ವರ್ಷವಿಡೀ ತೇವದಲ್ಲಿ ಕೂತರೆ ಉಬ್ಬುತ್ತದೆ. ಬಯಲುಸೀಮೆಯಲ್ಲಿ ಪೌಡರ್ ಕೋಟಿಂಗ್ ಮಾಡಿದ ಅಲ್ಯುಮಿನಿಯಂ, ಅದರ ಮೇಲೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಟ್ರ್ಯಾಕ್ ಸಾಕು. ಕರಾವಳಿಯಲ್ಲಿ ಉಪ್ಪುಗಾಳಿಗೆ 316 ದರ್ಜೆ ಕೇಳಿ, ತಿರುಪುಗಳೂ ಅದೇ ದರ್ಜೆಯವಾಗಿರಲಿ. ಅಲ್ಯುಮಿನಿಯಮ್ಮಿಗೆ ಮಾಮೂಲಿ ಕಬ್ಬಿಣದ ತಿರುಪು ಹಾಕಿದರೆ ಉಪ್ಪುನೀರು ಸೇರಿ ಎರಡನ್ನೂ ತಿನ್ನುತ್ತದೆ, ಬಿಳಿ ಪುಡಿ ಏಳುತ್ತದೆ.

ಮಲೆನಾಡಿನವರು ಇನ್ನೊಂದನ್ನು ಕೇಳಿಕೊಳ್ಳಬೇಕು: ಕದದ ಅಡಿಯಲ್ಲಿ ಎಷ್ಟು ಸಂದು? ಇಂಬಳ, ಚೇಳು, ಶತಪದಿಗೆ ಬೆರಳಗಲ ಸಾಕು. ಸಂದನ್ನು ಮುಚ್ಚುವ ಬ್ರಷ್ ಪಟ್ಟಿ ಎರಡು ಸಾಲಿರಲಿ. ಸೊಳ್ಳೆ ಪರದೆ ಹಾಕಿಸುವುದಿದ್ದರೆ ಅದರ ಕೆಳಪಟ್ಟಿಯನ್ನೂ ಈಗಲೇ ಲೆಕ್ಕಕ್ಕೆ ಸೇರಿಸಿ. ಬಾಗಿಲಿಗೆ ಸಮತಟ್ಟು ಹೊಸ್ತಿಲು ಹಾಕಿಸಿ, ಆರು ತಿಂಗಳಿಗೆ ಅದರ ಒಳಗೆ ಪರದೆಯ ಪಟ್ಟಿ ಎಬ್ಬಿಸಿದರೆ ಮೊದಲಿನ ಖರ್ಚಿಗೆ ಅರ್ಥವಿಲ್ಲ.

ಆ್ಯಸಿಡ್, ರಂಗೋಲಿ, ಕೊಬ್ಬರಿ ಎಣ್ಣೆ

ಎಷ್ಟೋ ಹೊಸ್ತಿಲುಗಳು ಬಾಗಿಲು ತೆರೆಯುವ ಮೊದಲೇ ಕೆಡುತ್ತವೆ. ಟ್ರ್ಯಾಕ್ ಕೂರಿಸಿದ ಮೇಲೆ ಗಾರೆಯ ಕೆಲಸ ಮುಂದುವರಿಯುತ್ತದೆ, ಹಸಿ ಸಿಮೆಂಟಿನ ಕ್ಷಾರ ಅಲ್ಯುಮಿನಿಯಮ್ಮಿನ ಮೇಲೆ ಕಲೆ ಕೊರೆಯುತ್ತದೆ. ಕೊನೆಗೆ ಟೈಲ್ಸ್‌ನವರು ಆ್ಯಸಿಡ್ ಸುರಿದು ತೊಳೆಯುತ್ತಾರೆ. ಆ ಹೈಡ್ರೋಕ್ಲೋರಿಕ್ ಆಮ್ಲ ಅಲ್ಯುಮಿನಿಯಂ ತಿನ್ನುತ್ತದೆ, ಸ್ಟೇನ್‌ಲೆಸ್ ಸ್ಟೀಲಿನಲ್ಲೂ ಸೂಜಿಮೊನೆಯ ಗುಳಿ ಬೀಳಿಸುತ್ತದೆ. ಕಂಪನಿಯ ಪ್ಲಾಸ್ಟಿಕ್ ಟೇಪನ್ನು ಬಣ್ಣದ ಕೆಲಸ ಮುಗಿಯುವವರೆಗೆ ಕೀಳಬೇಡಿ, ಅದರ ಮೇಲೊಂದು ಹಲಗೆ ಹಾಕಿಸಿ, ಆ ಕಡೆ ಆ್ಯಸಿಡ್ ತರಬೇಡಿ ಎಂದು ಬಾಯಿಬಿಟ್ಟು ಹೇಳಿ.

ವಾಸಕ್ಕೆ ಬಂದ ಮೇಲೆ ನಿಜವಾದ ಶತ್ರು ಮರಳು. ನಮ್ಮ ಹಳೆಯ ಪೇಟೆಗಳಲ್ಲಿ ಹಲಗೆ ಬಾಗಿಲಿನ ಅಂಗಡಿಗಳಿದ್ದವು. ಹೊಸ್ತಿಲಿನ ಸೀಳಿಗೆ ಹಲಗೆಗಳನ್ನು ಅಂಕಿಯ ಪ್ರಕಾರ ಒಂದೊಂದಾಗಿ ಕೂರಿಸುತ್ತಿದ್ದರು. ಸೀಳಿನಲ್ಲಿ ಕಸ ತುಂಬಿದ್ದರೆ ಕೊನೆಯ ಹಲಗೆ ಕೂರುತ್ತಿರಲಿಲ್ಲ. ಈಗಿನ ಲಕ್ಷಾಂತರ ರೂಪಾಯಿಯ ಬಾಗಿಲಿನ ಗೋಳೂ ಅದೇ. ರೋಲರಿನ ಕೆಳಗೆ ಸಿಕ್ಕ ಮರಳಿನ ಕಣ ಚಕ್ರಕ್ಕೆ ಅಂಟಿಕೊಂಡು ಟ್ರ್ಯಾಕನ್ನು ಗೀರುತ್ತದೆ. ರಂಗೋಲಿ ಪುಡಿಯೂ ಕಲ್ಲಿನ ಪುಡಿಯೇ. ಸಿಟೌಟ್ ಬಾಗಿಲಿನ ಮುಂದೆ ರಂಗೋಲಿ ಬಿಡುವ ಮನೆಗಳಲ್ಲಿ ಟ್ರ್ಯಾಕಿನಿಂದ ಮಾರು ದೂರಕ್ಕೆ ಬಿಡಿ, ಅಳಿಸುವಾಗ ಪೊರಕೆಯಿಂದ ಒಳಕ್ಕೆ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ವಾರಕ್ಕೊಮ್ಮೆ ವ್ಯಾಕ್ಯೂಮ್ ಕ್ಲೀನರ್ ಅಥವಾ ಹಳೆಯ ಪೇಂಟ್ ಬ್ರಷ್ಷಿನಿಂದ ಧೂಳು ತೆಗೆದರೆ ಮುಕ್ಕಾಲು ಕೆಲಸ ಮುಗಿದಂತೆ. ತೊಳೆಯಲು ಪಾತ್ರೆಯ ಸೋಪಿನ ತಿಳಿನೀರು ಸಾಕು. ಫಿನಾಯಿಲ್, ಬ್ಲೀಚಿಂಗ್ ಪೌಡರ್, ಉಕ್ಕಿನ ನಾರು ಬೇಡ.

ಕಿರುಗುಟ್ಟಿದ ತಕ್ಷಣ ಕೊಬ್ಬರಿ ಎಣ್ಣೆ ಹಾಕುವುದು ನಮ್ಮ ಕೈಗೆ ಬಂದ ಅಭ್ಯಾಸ. ಕೊಬ್ಬರಿ ಎಣ್ಣೆ 24 ಡಿಗ್ರಿ ಆಸುಪಾಸಿನಲ್ಲಿ ಹೆಪ್ಪುಗಟ್ಟುತ್ತದೆ, ಬೆಂಗಳೂರಿನ ಡಿಸೆಂಬರ್ ರಾತ್ರಿಗೆ ಅದು ಗಟ್ಟಿ ಮೇಣ. ಬೇಸಿಗೆಯಲ್ಲಿ ಅದೇ ಎಣ್ಣೆ ಧೂಳು ಹಿಡಿದು ಕಪ್ಪು ಅಂಟಾಗುತ್ತದೆ. ಗ್ರೀಸ್, ಎಂಜಿನ್ ಆಯಿಲ್ ಇನ್ನೂ ಕೆಟ್ಟದ್ದು, ಚೌಕಟ್ಟಿನ ಇಪಿಡಿಎಂ ರಬ್ಬರನ್ನು ಪೆಟ್ರೋಲಿಯಂ ಎಣ್ಣೆ ಉಬ್ಬಿಸುತ್ತದೆ. ಶುಚಿ ಮಾಡಿ ಒಣಗಿಸಿದ ಮೇಲೆ ರೋಲರಿನ ಅಚ್ಚಿಗೆ, ಕೀಲಿಗೆ, ರಬ್ಬರಿಗೆ ಸಿಲಿಕಾನ್ ಸ್ಪ್ರೇ ತುಸುವೇ ಹಾಕಿ, ಹೆಚ್ಚಾದದ್ದನ್ನು ಒರೆಸಿಬಿಡಿ. ಟ್ರ್ಯಾಕಿಗೆ ಏನೂ ಬೇಡ.

ವೀಪ್ ಹೋಲ್ ಪರೀಕ್ಷೆಗೆ ಮೇ ತಿಂಗಳ ಮೊದಲ ವಾರ ಸರಿಯಾದ ಕಾಲ. ಟ್ರ್ಯಾಕಿಗೆ ಒಂದು ಚೊಂಬು ನೀರು ಹಾಕಿ ಹೊರಗೆ ಹೋಗಿ ನೋಡಿ. ಎಲ್ಲ ತೂತುಗಳಿಂದಲೂ ನೀರು ಇಳಿಯಬೇಕು. ಕಡಜಗಳು ಈ ತೂತುಗಳಿಗೆ ಮಣ್ಣು ಮೆತ್ತಿ ಗೂಡು ಕಟ್ಟುತ್ತವೆ, ಇರುವೆಗಳೂ ಬಿಡುವುದಿಲ್ಲ. ಪೊರಕೆ ಕಡ್ಡಿಯಿಂದ ಬಿಡಿಸಬಹುದು, ತಂತಿ ಹಾಕಿದರೆ ಕೋಟಿಂಗ್ ಕೀಳುತ್ತದೆ. ಕೆಳಗಿನ ಚಿಲಕ ಇಳಿಯುವ ಕುಳಿಯನ್ನೂ ಆಗಲೇ ಚೊಕ್ಕ ಮಾಡಿ. ಚಿಲಕ ಪೂರ್ತಿ ಇಳಿಯದಿದ್ದರೆ ಕದ ರಬ್ಬರಿಗೆ ಒತ್ತಿಕೊಳ್ಳುವುದಿಲ್ಲ, ಎಷ್ಟೋ ಮನೆಗಳ ಸೋರಿಕೆಗೆ ಕಾರಣ ಇಷ್ಟೇ.

ಸೋರಿದರೆ ಹುಡುಕುವುದು ಹೇಗೆ

ನೀರು ಕಂಡೊಡನೆ ಸಿಲಿಕಾನ್ ಟ್ಯೂಬ್ ತಂದು ಹೊರಗಿನ ತೂತುಗಳನ್ನೆಲ್ಲ ಮುಚ್ಚಿಬಿಡುವವರಿದ್ದಾರೆ. ಅವು ನೀರು ಬರುವ ತೂತುಗಳಲ್ಲ, ಹೋಗುವ ತೂತುಗಳು. ಮುಚ್ಚಿದ ಮರುದಿನ ಅಷ್ಟೂ ನೀರು ಒಳಕ್ಕೆ ಬರುತ್ತದೆ.

ಒಣ ದಿನ ನೋಡಿ, ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಲಿ, ಇನ್ನೊಬ್ಬರು ಹೊರಗೆ ಪೈಪ್ ಹಿಡಿಯಲಿ. ನೀರು ಬಿಡುವುದು ಕೆಳಗಿನಿಂದ ಮೇಲಕ್ಕೆ. ಮೊದಲು ಹೊಸ್ತಿಲು ಮತ್ತು ನೆಲ ಸೇರುವ ಗೆರೆಗೆ ಐದು ನಿಮಿಷ. ಆಗಲೇ ಒಳಗೆ ತೇವ ಬಂದರೆ ದೋಷ ಹೊಸ್ತಿಲಿನ ಅಡಿಯದು. ಬರಲಿಲ್ಲವೆಂದರೆ ಟ್ರ್ಯಾಕಿಗೆ, ಆಮೇಲೆ ಕದದ ಕೆಳಗಿನ ರಬ್ಬರಿಗೆ, ಆಮೇಲೆ ಗಾಜಿಗೆ. ಮೇಲಿನಿಂದ ಶುರು ಮಾಡಿದರೆ ಎಲ್ಲವೂ ಒಮ್ಮೆಗೇ ನೆನೆದು ಏನೂ ತಿಳಿಯದು. ಹೊಸ್ತಿಲಿನ ಎರಡು ತುದಿಯ ಮೂಲೆಗಳಲ್ಲಿ ಮಾತ್ರ ಒದ್ದೆಯಾಗಿದ್ದರೆ ಚೌಕಟ್ಟಿನ ಮೂಲೆ ಜೋಡಣೆ ಬಿಟ್ಟಿದೆ, ಫ್ಯಾಬ್ರಿಕೇಟರ್ ಬಂದು ಬಿಚ್ಚಿ ಸೀಲ್ ಮಾಡಬೇಕು. ಕದ ತಗ್ಗಿ ರಬ್ಬರ್ ಸೇರದಿದ್ದರೆ ಕೀಲು ಅಥವಾ ರೋಲರಿನಲ್ಲಿರುವ ತಿರುಪನ್ನು ಅಲೆನ್ ಕೀಯಿಂದ ತಿರುಗಿಸಿ ಎತ್ತಬಹುದು, ಒಂದು ಸಲಕ್ಕೆ ಅರ್ಧ ಸುತ್ತು. ನಿಮ್ಮ ಬಾಗಿಲು ಒಣಗಿದ್ದು ಕೆಳಗಿನ ಮನೆಯ ಚಾವಣಿ ಒದ್ದೆಯಾಗಿದ್ದರೆ ಬಾಗಿಲಿನವರನ್ನು ಕರೆಯಬೇಡಿ, ಅದು ಬಾಲ್ಕನಿಯ ವಾಟರ್‌ಪ್ರೂಫಿಂಗ್.

ಹೊಸ್ತಿಲಿನ ಅಂಚಿಗೆ ಮತ್ತೆ ಸೀಲಂಟ್ ಹಾಕುವಾಗ ಹಳೆಯದನ್ನು ಪೂರ್ತಿ ಕೆತ್ತಿ ತೆಗೆಯಬೇಕು. ಹಳೆಯ ಸಿಲಿಕಾನಿನ ಮೇಲೆ ಹೊಸದು ಹಿಡಿಯದು. ವಿನೆಗರ್ ವಾಸನೆಯ ಅಗ್ಗದ ಸಿಲಿಕಾನ್ ಸಿಮೆಂಟಿಗೆ ಸರಿಯಾಗಿ ಅಂಟುವುದಿಲ್ಲ, ಲೋಹವನ್ನೂ ತಿನ್ನುತ್ತದೆ. ನ್ಯೂಟ್ರಲ್ ಎಂದು ಬರೆದದ್ದನ್ನು ಕೇಳಿ ತೆಗೆದುಕೊಳ್ಳಿ.

ರೋಲರ್, ಬ್ರಷ್, ರಬ್ಬರ್ ಇವು ಸವೆಯುವ ಭಾಗಗಳು, ಕೆಲವು ವರ್ಷಕ್ಕೊಮ್ಮೆ ಬದಲಾಯಿಸಲೇಬೇಕು. ಟ್ರ್ಯಾಕ್ ಪಟ್ಟಿಯನ್ನು ಕದಗಳನ್ನು ಇಳಿಸದೆ ಬದಲಿಸಬಹುದೇ ಎಂದು ಕೊಳ್ಳುವ ಮೊದಲೇ ಕೇಳಿ. ಮೇಲೊತ್ತಿ ಕೂರಿಸಿದ ಸ್ಟೀಲ್ ಪಟ್ಟಿಯಾದರೆ ಬದಲಿಸಬಹುದು, ಚೌಕಟ್ಟಿನ ಅಚ್ಚಿನಲ್ಲೇ ಬಂದದ್ದಾದರೆ ಆಗದು. ಪ್ರೊಫೈಲಿನ ಹೆಸರು, ರೋಲರ್ ಮತ್ತು ರಬ್ಬರಿನ ಸಂಖ್ಯೆಗಳನ್ನು ಬಿಲ್ಲಿನ ಮೇಲೆ ಬರೆಸಿಕೊಂಡು ಬಿಲ್ಲಿನ ಫೋಟೊ ಇಟ್ಟುಕೊಳ್ಳಿ. ಫ್ಯಾಬ್ರಿಕೇಟರ್ ಅಂಗಡಿ ಮುಚ್ಚಿದರೂ ಆ ಸಂಖ್ಯೆ ಹಿಡಿದು ಬೇರೆ ಕಡೆ ಬಿಡಿಭಾಗ ತರಿಸಬಹುದು.